ಅವ್ವನ ಕೊಕ್ಕು

ಕೋಳಿಮರಿಗಳೂ ಮೊಬೈಲಿನಲ್ಲಿ ಆಟವಾಡುತ್ತಿದ್ದ ಕಾಲ. ನಂಬದವರು ಹುಂಜನನ್ನು ಕೇಳಿ ನೋಡಿ. ಕೆಂಚಿ ಎಂಬ ಮರಿ ತಾಯಿಯ ಹತ್ತಿರ ಬಂದು, "ಅವ್ವಾ, ಆಟದಲ್ಲಿ ಸಿಕ್ಕ ಗೆಳೆಯ ಬೇಲಿ ಹತ್ರ ಒಬ್ಬಳೇ ಬಾ ಅಂತಾನೆ. ನಾನೂ ಕೋಳಿಮರಿನೇ ಅಂತಾನೆ, ದನಿ ಮಾತ್ರ ಬೆಕ್ಕಿನ ಥರ ಇದೆ," ಎಂದಳು.

"ಕಂಡೋರ ಜೊತೆ ನಿನಗೇನೇ ಮಾತು?" ಎಂದು ತಾಯಿ ಅವಳ ನೆತ್ತಿ ಕೆಂಪಾಗುವಷ್ಟು ಕುಕ್ಕಿದಳು. ಆಮೇಲೆ ಕಿರಿಮರಿ ಬಿಳಿಯನತ್ತ ತಿರುಗಿ, "ನಿನಗೂ ಅಂಥ ಗೆಳೆಯ ಇದಾನೇನೋ?" ಎಂದಳು.

ಬಿಳಿಯ ಅಕ್ಕನ ನೆತ್ತಿ ನೋಡಿದ. "ಇಲ್ಲವ್ವಾ," ಎಂದ.

"ನನ್ನ ಮಗ ಬಂಗಾರ," ಎಂದು ತಾಯಿ ನೆಮ್ಮದಿಯಿಂದ ಕಾಳು ಕೆದಕಲು ಹೋದಳು.

ಅಷ್ಟರಲ್ಲಿ ಬಿಳಿಯನ ಮೊಬೈಲಿನಲ್ಲಿ ಅದೇ ಗೆಳೆಯನ ದನಿ ಬಂತು. "ಬೇಲಿ ಹತ್ರ ಬರ್ತೀಯೋ, ನಮ್ಮ ಗೆಳೆತನಾನ ನಿಮ್ಮವ್ವಂಗೆ ಹೇಳ್ಲೋ?"

"ಅವ್ವಂಗೆ ಮಾತ್ರ ಹೇಳ್ಬೇಡಣ್ಣ, ಬಂದೆ," ಎಂದು ಬಿಳಿಯ ಬೇಲಿಯತ್ತ ಓಡಿದ.