ಬಿರುನೀರು, ತಿಳಿನೀರು

"ಬುದ್ಧಿ, ಒಂದೇ ಮಠದಲ್ಲಿ ಇಬ್ಬರಿಗೆ ಎರಡು ಬಗೆಯ ಸಾಧನೆ ಯಾಕೆ?" ಎಂದು ಸೋಮಲಿಂಗ ಗುರುಗಳನ್ನು ಕೇಳಿದ.

ಬೆಳಗಿನ ಧ್ಯಾನ ಆಗಷ್ಟೇ ಮುಗಿದಿತ್ತು. ಸೋಮಲಿಂಗ ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಗುರುಗಳು ಅವನಿಗೆ ದಿನಕ್ಕೆ ಎರಡು ಗಂಟೆಯ ಸಾಧನೆ ಕೊಟ್ಟಿದ್ದರು. ನೆಲದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರಬೇಕು, ಒಂದೊಂದು ಉಸಿರನ್ನೂ ಎಣಿಸಬೇಕು, ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ ಶುರುಮಾಡಬೇಕು. ಹೋದ ತಿಂಗಳು ಚೆನ್ನಬಸಪ್ಪ ಎಂಬ ನಿವೃತ್ತ ಕಂಪೌಂಡರು ಮಠಕ್ಕೆ ಬಂದಿದ್ದರು. ಗುರುಗಳು ಅವರಿಗೆ ಒಂದು ಕುರ್ಚಿ ಹಾಕಿಸಿ, "ಕಾಲು ಗಂಟೆ ಸುಮ್ಮನೆ ಕೂತಿರಿ, ಸಾಕು" ಎಂದಿದ್ದರು. ಎಣಿಕೆ ಇಲ್ಲ, ಜಪ ಇಲ್ಲ. ಅವರು ಕೂರುತ್ತಿದ್ದರು, ಎದ್ದು ಹೋಗುತ್ತಿದ್ದರು. ನಿನ್ನೆ ಯಾರೋ ಭಕ್ತರು ಬಂದಾಗ ಗುರುಗಳು ಇಬ್ಬರನ್ನೂ ತೋರಿಸಿ, "ಇವರಿಬ್ಬರೂ ನಮ್ಮಲ್ಲಿ ಸಾಧನೆ ಮಾಡುತ್ತಿದ್ದಾರೆ" ಎಂದರು. ಆ ಮಾತು ಸೋಮಲಿಂಗನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು.

ಸೋಮಲಿಂಗ ಮಠಕ್ಕೆ ಬರುವ ಮೊದಲು ಹಗಲೆಲ್ಲ ಫೋನಿನ ಆಟಗಳಲ್ಲೇ ಇರುತ್ತಿದ್ದವನು. ಗುರುಗಳಿಗೆ ಅದು ಗೊತ್ತಿತ್ತು. ಅವರು ಅವನನ್ನು ಎದುರಿಗೆ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಆಟ ಕಟ್ಟುವವಳೊಬ್ಬಳಿದ್ದಳು. ಅವಳು ಫೋನಿನಲ್ಲಿ ಆಡುವಂಥ, ನದಿ ದಾಟುವ ಒಂದು ಆಟ ಕಟ್ಟಿದಳು. ಅದರಲ್ಲಿ ಒಂದು ದೋಣಿ, ಎರಡು ಹುಟ್ಟು. ಎಡದ ಹುಟ್ಟನ್ನು ಎಡಗೈಯ ಬೆರಳಿನಿಂದ, ಬಲದ ಹುಟ್ಟನ್ನು ಬಲಗೈಯ ಬೆರಳಿನಿಂದ ಒತ್ತಬೇಕು. ದಾರಿಯಲ್ಲಿ ಬಂಡೆಗಳಿದ್ದವು, ಸುಳಿಗಳಿದ್ದವು, ಮೊಸಳೆಗಳಿದ್ದವು. ಮೇಲೊಂದು ಗಡಿಯಾರ ಓಡುತ್ತಿತ್ತು. ಒಮ್ಮೆ ತಪ್ಪಿದರೆ ದೋಣಿ ಮುಳುಗಿ, ಮತ್ತೆ ಈಚೆ ದಡದಿಂದಲೇ ಹೊರಡಬೇಕಾಗುತ್ತಿತ್ತು. ನೂರು ಜನ ಆಡಿದರೆ ಆಚೆ ದಡ ಕಾಣುತ್ತಿದ್ದವರು ಒಬ್ಬರೋ ಇಬ್ಬರೋ.

ಹಾಗೆ ಕಂಡವರಲ್ಲಿ ಮೊಬೈಲು ರಿಪೇರಿ ಮಾಡುವವನೊಬ್ಬನಿದ್ದ. ಅವನು ಹತ್ತನೆಯ ತರಗತಿಯಲ್ಲಿ ಎರಡು ಸಲ ನಪಾಸಾದವನು. ಲಾರಿ ಓಡಿಸಲು ಹೋಗಿ ಬಿಟ್ಟುಬಂದಿದ್ದ. ಅಣ್ಣನ ಜೊತೆ ಹೋಟೆಲು ನಡೆಸಲು ಹೋಗಿ ಜಗಳವಾಡಿಕೊಂಡು ಬಂದಿದ್ದ. ಹೆಂಡತಿ ತವರಿಗೆ ಹೋಗಿ ವರ್ಷವಾಗಿತ್ತು. ಬಸ್ ನಿಲ್ದಾಣದ ಎದುರು ಅವನದೊಂದು ಸಣ್ಣ ಡಬ್ಬಿ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಈ ಆಟ ಹಿಡಿದ. ನಾಲ್ಕು ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು ಸಲ ಮುಳುಗಿದ. ಕೊನೆಗೊಂದು ಮಧ್ಯಾಹ್ನ ದೋಣಿ ಆಚೆ ದಡ ಮುಟ್ಟಿತು. ಅವನು ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಒಳಗೆ ಕೂತು ಅತ್ತ. ಅವನ ಬದುಕಿನಲ್ಲಿ ಅವನು ಶುರುಮಾಡಿ ಮುಗಿಸಿದ್ದು ಅದೊಂದೇ ಕೆಲಸ.

ಈ ಆಟ ಆಡುವವರೆಲ್ಲ ಮಾತಾಡಿಕೊಳ್ಳುವ ಒಂದು ಗುಂಪು ಫೋನಿನಲ್ಲಿತ್ತು. ಅಲ್ಲಿ ಅವನಿಗೆ ಹೆಸರು ಬಂತು. ಎಲ್ಲೆಲ್ಲಿಯವರೋ ಅವನನ್ನು ಉಪಾಯ ಕೇಳುತ್ತಿದ್ದರು. ಅವನು ತಾಳ್ಮೆಯಿಂದ ಹೇಳಿಕೊಡುತ್ತಿದ್ದ. ಒಳ್ಳೆಯ ಮನುಷ್ಯನೇ.

ಮರುವರ್ಷ ಆಟ ಕಟ್ಟಿದವಳು ಅದೇ ನದಿಗೆ ಇನ್ನೆರಡು ದಾರಿ ಸೇರಿಸಿದಳು. ಆಡುವವರು ಅವನ್ನು ಮೋಡ್ ಎನ್ನುತ್ತಾರೆ. ಹಳೆಯ ದಾರಿಗೆ ಬಿರುನೀರು ಎಂದು ಹೆಸರಿಟ್ಟಳು. ಹೊಸತರಲ್ಲಿ ಒಂದು ತಿಳಿನೀರು. ಅಲ್ಲಿ ಗಡಿಯಾರವಿಲ್ಲ, ಬಂಡೆ, ಸುಳಿ, ಮೊಸಳೆಗಳಿಲ್ಲ, ದೋಣಿ ಮುಳುಗುವುದಿಲ್ಲ. ಒಂದು ಹುಟ್ಟು ಹಾಕಿ ಇನ್ನೊಂದು ಹಾಕುವುದು ಎಷ್ಟು ತಡವಾದರೂ ನೀರು ಕಾಯುತ್ತದೆ. ಇನ್ನೊಂದು ಜೊತೆನೀರು. ಅಲ್ಲಿ ಬಂಡೆಗಳಿವೆ, ಗಡಿಯಾರವಿಲ್ಲ; ಇಬ್ಬರು ಒಂದೇ ದೋಣಿಯಲ್ಲಿ ಕೂತು, ಒಬ್ಬರಿಗೊಂದು ಹುಟ್ಟು ಎಂದು ಹಂಚಿಕೊಂಡು ಹೋಗಬಹುದು.

ರಿಪೇರಿಯವನಿಗೆ ಇದನ್ನು ಸಹಿಸಲಾಗಲಿಲ್ಲ. ತಾನು ಕಂಡ ದಡವನ್ನು ಈಗ ಯಾರು ಬೇಕಾದರೂ ಕಾಣಬಹುದು ಎನ್ನುವುದನ್ನು ಅವನಿಂದ ನುಂಗಿಕೊಳ್ಳಲಾಗಲಿಲ್ಲ.

ಒಂದು ದಿನ ಗುಂಪಿನಲ್ಲಿ ಯಾರೋ ಆಚೆ ದಡದ ಚಿತ್ರ ಹಾಕಿದ್ದರು. ಕೆಳಗೆ "ನಮ್ಮ ಅಮ್ಮ ದಾಟಿದರು" ಎಂದಿತ್ತು. ತಿಳಿನೀರಿನ ಗುರುತು ಮೂಲೆಯಲ್ಲಿ ಕಾಣುತ್ತಿತ್ತು. ರಿಪೇರಿಯವನು ಅದರ ಕೆಳಗೆ ಬರೆದ: "ಇದು ದಾಟಿದ್ದಲ್ಲ, ದಾಟಿಸಿಕೊಂಡದ್ದು." ನೂರಾರು ಜನ ಅದನ್ನು ಮೆಚ್ಚಿದರು. ಕೆಲವರು ಅದಕ್ಕಿಂತ ಕೆಟ್ಟದಾಗಿ ಬರೆದರು. ಸಂಜೆಯ ಹೊತ್ತಿಗೆ ಆ ಚಿತ್ರ ಅಲ್ಲಿರಲಿಲ್ಲ, ಕೆಳಗಿನ ಮಾತುಗಳು ಮಾತ್ರ ಉಳಿದಿದ್ದವು.

ಎರಡು ವಾರದ ಮೇಲೆ ಆಟ ಕಟ್ಟಿದವಳಿಂದ ಅವನಿಗೆ ಒಂದು ಪತ್ರ ಬಂತು. ಅದರಲ್ಲಿ ಬೈಗುಳವಿರಲಿಲ್ಲ. "ಆ ಚಿತ್ರ ಹಾಕಿದವರ ತಾಯಿ ಆಟ ನಿಲ್ಲಿಸಿದ್ದಾರೆ. ಅವರು ಇರುವುದು ನಿಮ್ಮ ಊರಿನಿಂದ ಒಂದು ಗಂಟೆಯ ದಾರಿ. ಮಗಳನ್ನು ಕೇಳಿಯೇ ವಿಳಾಸ ಕಳಿಸುತ್ತಿದ್ದೇನೆ. ಹೋಗುವುದು ಬಿಡುವುದು ನಿಮಗೆ ಬಿಟ್ಟದ್ದು" ಎಂದಿತ್ತು.

ಅವನು ಮೂರು ದಿನ ಹೋಗಲಿಲ್ಲ. ನಾಲ್ಕನೆಯ ದಿನ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದ.

ಅದು ನೇಕಾರರ ಕೇರಿ. ಮನೆಯ ಪಡಸಾಲೆಯಲ್ಲಿ ಒಂದು ಮಗ್ಗ ಬಟ್ಟೆ ಹೊದ್ದು ನಿಂತಿತ್ತು. ಅದರ ಪಕ್ಕದಲ್ಲಿ ಒಬ್ಬಾಕೆ ಕೂತಿದ್ದಳು. ನಲವತ್ತು ವರ್ಷ ಸೀರೆ ನೇಯ್ದ ಹೆಂಗಸು. ಒಂದೂವರೆ ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಸತ್ತ ಹಾಗಾಗಿತ್ತು. ಮಗಳು ಅವನನ್ನು ಒಳಗೆ ಕರೆದಳು, ಆದರೆ ಮುಖ ಕೊಟ್ಟು ಮಾತಾಡಲಿಲ್ಲ.

"ನೀವೇ ಏನಪ್ಪ ಬರೆದವರು?" ಎಂದು ಆಕೆ ಕೇಳಿದಳು.

"ಹೌದಮ್ಮ."

"ಸರಿಯಾಗೇ ಬರೆದಿದ್ದೀರಿ. ನನಗೆ ಬಂಡೆಯೂ ಸಿಗಲಿಲ್ಲ, ಸುಳಿಯೂ ಸಿಗಲಿಲ್ಲ. ದಾಟಿದೆ ಅಂದುಕೊಂಡದ್ದೇ ತಪ್ಪು."

ಆಕೆ ಬೈದಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳನ್ನೆಲ್ಲ ಬಿಟ್ಟು, "ನೀವು ಹೇಗೆ ಆಡುತ್ತೀರೆಂದು ನೋಡಬೇಕಿತ್ತು" ಎಂದ.

ಆಕೆ ಮಗಳ ಕಡೆ ನೋಡಿದಳು. ಮಗಳು ಫೋನು ತಂದು ಆಕೆಯ ತೊಡೆಯ ಮೇಲೆ ದಿಂಬಿಟ್ಟು ಅದರ ಮೇಲೆ ಇಟ್ಟಳು. ಒಮ್ಮೆ ದಾಟಿದ ಮೇಲೆ ಆಕೆ ಎರಡನೆಯ ಸಲ ಹೊರಟಿದ್ದಳು. ನಿಲ್ಲಿಸಿದ ದಿನ ದೋಣಿ ಎಲ್ಲಿತ್ತೋ ಅಲ್ಲೇ ಇತ್ತು.

ಆಕೆ ಎಡಗೈ ಬೆರಳಿನಿಂದ ಎಡದ ಹುಟ್ಟು ಒತ್ತಿದಳು. ಆಮೇಲೆ ಅದೇ ಎಡಗೈಯಿಂದ ಬಲಗೈಯನ್ನು ಮೆಲ್ಲಗೆ ಎತ್ತಿ ಬಲದ ಹುಟ್ಟಿನ ಮೇಲೆ ಇಟ್ಟಳು. ಹಣೆ ಬೆವರಿತು. ಬೆರಳು ಅಲುಗಾಡಲಿಲ್ಲ. ಆಕೆ ಕಾದಳು. ನೀರೂ ಕಾಯಿತು. ಎಷ್ಟೋ ಹೊತ್ತಿನ ಮೇಲೆ ಬೆರಳು ಒಂದಿಷ್ಟು ಅದುಮಿತು. ದೋಣಿ ಒಂದು ಮಾರು ಮುಂದೆ ಹೋಯಿತು. ಅವನು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತಿದ್ದ ದೂರ ಅದು.

"ಎರಡನ್ನೂ ಎಡಗೈಯಲ್ಲೇ ಒತ್ತಬಹುದಲ್ಲ ಅಮ್ಮ?" ಎಂದ.

"ಎಡಗೈಗೆ ಮನೆಯ ಕೆಲಸವೆಲ್ಲ ಇದೆ. ಇದಕ್ಕೂ ಒಂದು ಕೆಲಸ ಇರಲಿ ಅಂತ."

ಬಿಸಿಲು ಹೊಸ್ತಿಲು ದಾಟಿ ಪಡಸಾಲೆಯೊಳಗೆ ಬರುವ ತನಕ ಆಕೆ ಹಾಗೇ ಹುಟ್ಟು ಹಾಕಿದಳು. ಕೊನೆಗೆ ದೋಣಿ ಒಂದು ಮಡುವಿಗೆ ಬಂತು. ನದಿಯ ನಡುದಾರಿಯಲ್ಲಿದ್ದ ಆಳವಾದ, ಅಲೆಯಿಲ್ಲದ ನೀರು. ಬಿರುನೀರಿನಲ್ಲೂ ಆ ಮಡು ಇತ್ತು. ಅವನು ಅದನ್ನು ನೂರಾರು ಸಲ ದಾಟಿದ್ದ, ಒಂದು ಸಲವೂ ನೋಡಿರಲಿಲ್ಲ. ಆಕೆ ಅಲ್ಲಿ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ದೋಣಿ ನಿಂತಿತು.

"ಡಾಕ್ಟರು ಚೆಂಡು ಹಿಚುಕು ಅನ್ನುತ್ತಾರೆ. ಮಗಳು ಎಣ್ಣೆ ತಿಕ್ಕಿ ಎತ್ತು ಅನ್ನುತ್ತಾಳೆ. ಅವರೆಲ್ಲ ನನ್ನ ಒಳ್ಳೆಯದಕ್ಕೇ ಹೇಳುವುದು" ಎಂದಳು ಆಕೆ. "ಈ ಮಡುವಿಗೆ ಬಂದರೆ ಮಾತ್ರ ಯಾರೂ ಏನೂ ಹೇಳುವುದಿಲ್ಲ. ಅದಕ್ಕೇ ಇಲ್ಲಿ ಒಂದೆರಡು ದಿನ ನಿಲ್ಲುತ್ತೇನೆ."

ಹಾಗೆಂದು ಫೋನನ್ನು ಅವನ ಕೈಗೆ ಕೊಟ್ಟಳು. "ಸ್ವಲ್ಪ ಹಿಡಿದುಕೊಂಡಿರಿ. ನೀರು ಕುಡಿದು ಬರುತ್ತೇನೆ. ಏನೂ ಮಾಡಬೇಡಿ, ಸುಮ್ಮನೆ ಹಿಡಿದುಕೊಂಡಿರಿ."

ಆಕೆ ಗೋಡೆ ಹಿಡಿದು ಒಳಗೆ ನಡೆದಳು. ಅವನು ಮಡುವನ್ನು ನೋಡುತ್ತ ಕೂತ. ತಪ್ಪಿಸಬೇಕಾದ ಬಂಡೆಯಿಲ್ಲ, ಗಡಿಯಾರದ ಸದ್ದಿಲ್ಲ. ದೋಣಿ ನಿಂತ ಕೂಡಲೇ ಅವನಿಗೆ ಮನೆಯದೆಲ್ಲ ನೆನಪಾಯಿತು. ಹೆಂಡತಿ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದು, ತಾನು ಫೋನಿನಿಂದ ತಲೆ ಎತ್ತದೆ "ಹೋಗು" ಎಂದಿದ್ದು, ಅವಳು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು. ಅಂದಿನಿಂದ ಅವನು ಇದನ್ನು ಒಮ್ಮೆಯೂ ಪೂರ್ತಿಯಾಗಿ ನೆನೆದಿರಲಿಲ್ಲ.

ಅವನ ಹೆಬ್ಬೆರಳುಗಳು ತಾವಾಗಿ ಹುಟ್ಟಿನ ಮೇಲೆ ಹೋದವು. ಎಡ, ಬಲ, ಎಡ, ಬಲ. ದೋಣಿ ಮಡು ಬಿಟ್ಟು ಓಡಿತು. ಅವನು ಎಚ್ಚೆತ್ತು ಬೆರಳು ತೆಗೆಯುವಷ್ಟರಲ್ಲಿ ಅದು ತುಂಬಾ ಕೆಳಗೆ ಹೋಗಿತ್ತು. ಆ ನದಿಯಲ್ಲಿ ಹಿಂದಕ್ಕೆ ಹುಟ್ಟು ಹಾಕಲು ಬರುತ್ತಿರಲಿಲ್ಲ. ಮತ್ತೆ ಮಡು ಬೇಕೆಂದರೆ ಆಕೆ ಈಚೆ ದಡದಿಂದ ಹೊರಡಬೇಕು. ಆಕೆಯ ಕೈಗೆ ಅದು ನಾಲ್ಕು ದಿನದ ದಾರಿ.

ಆಕೆ ಬಂದು ನೋಡಿದಳು. ಅವನು ತಲೆ ತಗ್ಗಿಸಿ, "ನಾನು ಬೇಕೆಂದು ಮಾಡಲಿಲ್ಲ ಅಮ್ಮ. ನಿಲ್ಲಿಸಲು ಆಗಲಿಲ್ಲ" ಎಂದ.

ಆಕೆ ದೋಣಿಯನ್ನು ಬಿಟ್ಟು ಅವನ ಬೆರಳುಗಳನ್ನು ನೋಡಿದಳು. ಅವು ಇನ್ನೂ ಸಣ್ಣಗೆ ಅದುರುತ್ತಿದ್ದವು.

"ನಿಮಗೂ ಕೈ ಮಾತು ಕೇಳುವುದಿಲ್ಲವೇನಪ್ಪ?" ಎಂದಳು.

ಆ ಮಾತಿನಲ್ಲಿ ಕೊಂಕಿರಲಿಲ್ಲ. ತನ್ನಂಥ ಇನ್ನೊಬ್ಬರನ್ನು ಕಂಡು ಕೇಳಿದ ಹಾಗಿತ್ತು. ಮಗಳು ಒಳಗೆ ಅವನಿಗೂ ಊಟಕ್ಕೆ ಒಂದು ತಟ್ಟೆ ಹಾಕಿದಳು.

ಊರಿಗೆ ಬಂದವನು ಮೊದಲು ತಾನು ಬರೆದ ಸಾಲನ್ನು ಅಳಿಸಿದ. ಅದರ ಜಾಗದಲ್ಲಿ, ತಾನು ಬರೆದದ್ದು ತಪ್ಪೆಂದೂ ಆಕೆ ದಾಟಿದ್ದು ನಿಜವೆಂದೂ ತಾನು ಕಣ್ಣಾರೆ ಕಂಡೆನೆಂದೂ ಬರೆದ. ಕೆಲವರು ಅವನನ್ನೇ ಆಡಿಕೊಂಡರು. ಆ ವಾರವೇ ಅವನು ಹೆಂಡತಿಯ ಊರಿಗೂ ಹೋದ. ಅವಳು ಕೂಡಲೇ ಹೊರಟು ಬರಲಿಲ್ಲ. ಕೂರಿಸಿ ಚಹಾ ಕೊಟ್ಟಳು. ಇನ್ನೊಮ್ಮೆ ಬಾ ಎಂದಳು.

ಅಂಗಡಿಯಲ್ಲಿ ಕೂತು ಅವನು ತಿಳಿನೀರನ್ನು ಆಡಿ ನೋಡಿದ. ಮಡುವಿನಲ್ಲಿ ದೋಣಿ ನಿಲ್ಲಿಸಿ ನೂರರವರೆಗೆ ಎಣಿಸಬೇಕೆಂದುಕೊಂಡ. ಮೊದಲ ದಿನ ಹದಿನೇಳಕ್ಕೆ ಬೆರಳು ಓಡಿತು. ಹತ್ತು ದಿನ ಕಳೆದರೂ ನಲವತ್ತು ದಾಟಲಿಲ್ಲ. ಸಾಕಾಗಿ ಬಿರುನೀರಿಗೆ ಹೋದ. ಅಲ್ಲಿ ಬಂಡೆಗಳು ಬಂದ ಕೂಡಲೇ ಅವನ ಉಸಿರು ಹಗುರಾಯಿತು. ಆಟ ಕಟ್ಟಿದವಳು ಆ ದಾರಿಯನ್ನೂ ಯಾರ ಕಷ್ಟ ನೋಡಿ ಕಟ್ಟಿದ್ದಳೋ ಎಂದು ಅವನಿಗೆ ಅಂದು ಮೊದಲ ಸಲ ಅನ್ನಿಸಿತು.

ಆಮೇಲೆ ಬಿಡುವಿದ್ದ ದಿನ ಅವನು ಆ ನೇಕಾರ ಹೆಂಗಸಿನ ಮನೆಗೆ ಹೋಗುವುದು ರೂಢಿಯಾಯಿತು. ಇಬ್ಬರೂ ಜೊತೆನೀರು ಹಿಡಿದರು. ಎಡದ ಹುಟ್ಟು ಅವನದು, ಬಲದ್ದು ಆಕೆಯದು. ಅವನು ಒಂದು ಹಾಕಿ ಆಕೆಗಾಗಿ ಕಾಯಬೇಕು. ಕಾಯಲಾರದೆ ಅವನು ಎರಡು ಹಾಕಿಬಿಡುತ್ತಿದ್ದ. ದೋಣಿ ಗಿರಗಿರನೆ ತಿರುಗಿ ಬಂಡೆಗೆ ಬಡಿದು ಮುಳುಗುತ್ತಿತ್ತು. ಅವನು ಅಯ್ಯೋ ಅನ್ನುತ್ತಿದ್ದ. ನಾಲ್ಕನೆಯ ಸಲ ಮುಳುಗಿದಾಗ ಆಕೆ ನಕ್ಕಳು. ಒಳಗೆ ಹಿಟ್ಟು ನಾದುತ್ತಿದ್ದ ಮಗಳು ಹಾಗೇ ಎದ್ದು ಬಂದು ಬಾಗಿಲಲ್ಲಿ ನಿಂತು ನೋಡಿದಳು. ಲಕ್ವ ಹೊಡೆದ ಮೇಲೆ ಅಮ್ಮ ನಕ್ಕದ್ದು ಅವಳು ಕೇಳಿರಲಿಲ್ಲ.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು.

ಸೋಮಲಿಂಗನಿಗೆ ಸಮಾಧಾನವಾಗಿತ್ತು. ಅವನು ಕೈಮುಗಿದು, "ತಿಳಿಯಿತು ಬುದ್ಧಿ. ಕೈಲಾಗದವರ ಸಾಧನೆಯನ್ನು ಹಗುರವಾಗಿ ಕಾಣಬಾರದು. ಇನ್ನು ಮೇಲೆ ಚೆನ್ನಬಸಪ್ಪನವರ ಕಾಲು ಗಂಟೆಯನ್ನು ನಾನು ಲೆಕ್ಕ ಹಾಕುವುದಿಲ್ಲ" ಎಂದ.

ಗುರುಗಳು ಅವನನ್ನು ಪ್ರೀತಿಯಿಂದ ನೋಡಿದರು.

"ನಿನಗೆ ಎರಡು ಗಂಟೆಯ ಎಣಿಕೆ ಕೊಟ್ಟದ್ದು ನಿನ್ನ ಶಕ್ತಿ ನೋಡಿ ಎಂದುಕೊಂಡೆಯಾ?" ಎಂದರು.

ಸೋಮಲಿಂಗ ಮುಗಿದ ಕೈ ಬಿಡಿಸಿ ತನ್ನ ಹೆಬ್ಬೆರಳುಗಳನ್ನು ನೋಡಿಕೊಂಡ.