ಡಂಗುರದವನ ಮೊದಲ ವಾಕ್ಯ

"ಗುರುಗಳೇ, ನನ್ನ ಇಂಗ್ಲಿಷ್ ಪ್ಯಾರಾದಲ್ಲಿ ಒಂದು ತಪ್ಪೂ ಇಲ್ಲ. ಮತ್ತೆ ಮೊದಲ ವಾಕ್ಯವನ್ನೇ ಯಾಕೆ ಹೊಡೆದುಹಾಕಿದಿರಿ?"

ಶಿಷ್ಯನ ಮುಖ ಕೆಂಪಾಗಿತ್ತು. ಶಾಲೆಗೆ ಗ್ರಂಥಾಲಯ ಬೇಕೆಂದು ಅವನು ಬರೆದಿದ್ದ. ಮೊದಲ ವಾಕ್ಯದಲ್ಲಿ ಆಟ, ಶಿಸ್ತು, ಗಿಡಮರ, ಹಿರಿಯರ ಆಶೀರ್ವಾದ ಎಲ್ಲವೂ ಇದ್ದವು. ಗ್ರಂಥಾಲಯ ಬಂದದ್ದು ಕಟ್ಟಕಡೆಗೆ. ಗುರುಗಳು ಹಾಳೆಯನ್ನು ಪಕ್ಕಕ್ಕಿಟ್ಟು ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ಅಗಸಗಿತ್ತಿ ಇದ್ದಳು. ಕೆರೆಯ ಕೆಳಗಿನ ಹಳ್ಳದಲ್ಲಿ ಅವಳ ಒಗೆಯುವ ಕಲ್ಲು. ಇದ್ದದ್ದು ಒಂದೇ ಕತ್ತೆ. ದೂರ ಹೋಗದಿರಲೆಂದು ಅದರ ಮುಂಗಾಲುಗಳನ್ನು ಕಟ್ಟಿ ಹಳ್ಳದಲ್ಲೇ ಮೇಯಲು ಬಿಡುತ್ತಿದ್ದಳು. ದಂಡೆಯ ಮೇಲೆ ಡಂಗುರ ಕೇಳಿದರೆ ಕೈ ನಿಲ್ಲಿಸುವಳು. ಮೊದಲ ಮಾತು ತನಗೆ ಸಂಬಂಧಿಸಿದ್ದಲ್ಲವೆಂದು ಗೊತ್ತಾದರೆ ಮತ್ತೆ ಬಟ್ಟೆ ಎತ್ತಿ ಬಡಿಯುವಳು. ಬಡಿಯುವ ಸದ್ದಿನಲ್ಲಿ ಮುಂದಿನದು ಯಾರಿಗೆ ಕೇಳೀತು?

ಒಂದು ಬೆಳಿಗ್ಗೆ ಡಂಗುರದವನು ಬಂದ. ಡಮಡಮ ಬಾರಿಸಿ ಕೂಗಿದ: "ಕೇಳ್ರಪ್ಪೋ ಕೇಳಿ! ನಮ್ಮ ಗೌಡರು ದೊಡ್ಡ ಮನಸ್ಸಿನವರು, ಈ ಸಲ ಮಳೆ ಚೆನ್ನಾಗಿದೆ, ಸಂತೆ ಬುಧವಾರಕ್ಕೆ ಹೋಗಿದೆ, ಊರೆಲ್ಲ ಕ್ಷೇಮ!"

ಕ್ಷೇಮ ತಾನೇ, ಇರಲಿ ಅಂದುಕೊಂಡು ಅವಳು ಬಟ್ಟೆ ಎತ್ತಿದಳು. ಅವನು ಇನ್ನೂ ಏನೇನೋ ಕೂಗಿ ಹೊರಟುಹೋದ.

ಸ್ವಲ್ಪ ಹೊತ್ತಿಗೆ ಕೆರೆಯ ತೂಬು ಎತ್ತಿದರು. ನೀರು ಭೋರೆಂದು ನುಗ್ಗಿತು. ಅವಳು ಬೇರು ಹಿಡಿದು ದಂಡೆ ಹತ್ತಿಕೊಂಡಳು. ಕಾಲು ಕಟ್ಟಿದ ಕತ್ತೆ ಎಲ್ಲಿ ಹತ್ತೀತು? ಅವಳ ಕಣ್ಣೆದುರೇ ಒಂದು ಸಲ ತಲೆ ಎತ್ತಿತು. ಅಷ್ಟೇ.

ಒದ್ದೆ ಸೀರೆಯಲ್ಲೇ ಓಡಿ ಹೋಗಿ ಡಂಗುರದವನ ಕೊರಳಪಟ್ಟಿ ಹಿಡಿದಳು.

"ನನ್ನ ಮೇಲೆ ಯಾಕವ್ವಾ ಸಿಟ್ಟು? ತೂಬಿನ ಸುದ್ದಿ ಹೇಳಿದೆನಲ್ಲ, ಒಂದಕ್ಷರ ಬಿಟ್ಟಿಲ್ಲ!"

"ಬಿಟ್ಟಿಲ್ಲ ಕಣಯ್ಯ, ಅದೇ ನೀನು ಮಾಡಿದ ಅನ್ಯಾಯ! ಗೌಡರನ್ನೂ ಸಂತೆಯನ್ನೂ ಮುಂದೆ ಮೆರೆಸಿ, ನೀರನ್ನು ಅವರ ಬೆನ್ನ ಹಿಂದೆ ಬಚ್ಚಿಟ್ಟೆ. 'ತೂಬು ಎತ್ತುತ್ತಾರೆ, ಹಳ್ಳ ಬಿಡಿ' ಅಂತ ಮೊದಲು ಅನ್ನೋಕೆ ನಿನ್ನ ನಾಲಿಗೆಗೆ ಏನು ರೋಗ ಬಡಿದಿತ್ತು? ಅಷ್ಟು ಅಂದಿದ್ದರೆ, ಯಾಕೆ ಎತ್ತುತ್ತಾರೆ, ಎಷ್ಟು ಹೊತ್ತಿಗೆ ಅಂತ ನಾನೇ ಕಿವಿಗೊಟ್ಟು ಕೇಳುತ್ತಿದ್ದೆ. ನನ್ನ ಕತ್ತೆಯನ್ನು ಕೊಂದದ್ದು ನೀರಲ್ಲವೋ, ನಿನ್ನ ಪೀಠಿಕೆ!"

ಗುರುಗಳು ಕತೆ ಮುಗಿಸಿದರು.

ಶಿಷ್ಯ ಒಪ್ಪಲಿಲ್ಲ. "ಅವಳು ಕೊನೆಯವರೆಗೆ ಕೇಳಬೇಕಿತ್ತು, ಗುರುಗಳೇ. ನನ್ನದನ್ನು ನೀವು ಪೂರ್ತಿ ಓದಲಿಲ್ಲವೇ?"

ಗುರುಗಳು ಹಾಳೆಯನ್ನು ಅವನ ಕೈಗಿಟ್ಟು ಅಂದರು: "ಓದಿದೆ ಮಗು, ಮೇಷ್ಟ್ರಾದ ಕರ್ಮಕ್ಕೆ. ಗ್ರಂಥಾಲಯ ಕೊಡುವವನಿಗೆ ಆ ಕರ್ಮವಿಲ್ಲ."