ಉಪ್ಪಿನ ಭರಮವ್ವ

ಉಪ್ಪು ಸಮುದ್ರದಿಂದ ಬರುತ್ತದೆ ಅನ್ನುವುದೇ ನಮ್ಮ ಸೀಮೆಗೆ ಗೊತ್ತಿರದಿದ್ದ ಕಾಲ, ಕೇಳ್ರಪ್ಪ. ಸವಳಹಟ್ಟಿ ಅಂತ ಒಂದು ಊರು. ಅಲ್ಲಿ ಉಪ್ಪಾರರ ಭರಮವ್ವ ಅಂತ ಒಬ್ಬಾಕೆ ಇದ್ದಳಂತೆ. ಹಳ್ಳದ ದಂಡೆಯ ಸವಳು ಮಣ್ಣನ್ನು ಕೆರೆದು ತಂದು, ತೂತಿನ ಗಡಿಗೆಗೆ ತುಂಬಿ, ನೀರು ಹೊಯ್ದು, ಸೋರಿದ ನೀರನ್ನು ಕುದಿಸಿ ಉಪ್ಪು ಮಾಡುವುದು ಅವರ ಮನೆತನದ ಕಸುಬು. ಆ ಮಣ್ಣು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಆದರೆ ಬೇರೆಯವರು ಮಾಡಿದರೆ ಬರೀ ಕಹಿ, ತಿಂದವರ ಹೊಟ್ಟೆ ಕೆಡುತ್ತಿತ್ತಂತೆ. ಭರಮವ್ವನ ಉಪ್ಪು ಮಾತ್ರ ಮಲ್ಲಿಗೆ ಮೊಗ್ಗಿನಂತೆ ಬೆಳ್ಳಗೆ. ಚಿಟಿಕೆ ಮಣ್ಣು ನಾಲಿಗೆಗಿಟ್ಟು ಮಳೆ ಯಾವತ್ತು ಬರುತ್ತದೆ ಅಂತ ಹೇಳುತ್ತಿದ್ದಳು ಅಂತಾರೆ. ಇದ್ದೀತು, ನಾನೇನು ಕಂಡವನಲ್ಲ.

ಆ ಸೀಮೆಯ ದೇಸಾಯಿಗೆ ಹಳ್ಳದಾಚೆಯ ಊರುಗಳ ಮೇಲೆ ಸಿಟ್ಟು. ಕೋಟೆ ಕಟ್ಟುವಾಗ ಅವರು ಬಿಟ್ಟಿ ದುಡಿಯಲು ಬರಲಿಲ್ಲವಂತೆ. ಆಳುಗಳನ್ನು ಕಳಿಸಿ ಭರಮವ್ವನ ಮನೆಯ ಉಪ್ಪನ್ನೆಲ್ಲ ಕೋಟೆಗೆ ಹೊರಿಸಿದ. ಮುಂದೆ ಮಾಡಿದ್ದೂ ಕೋಟೆಗೇ ಬರಬೇಕು, ಬಂದು ಕಾಲಿಗೆ ಬಿದ್ದವರಿಗೆ ಮಾತ್ರ ಉಪ್ಪು ಅಂತ ಡಂಗುರ ಸಾರಿಸಿದ.

ಆಚೆಯ ಊರುಗಳಲ್ಲಿ ದನಗಳು ಗೋಡೆ ನೆಕ್ಕತೊಡಗಿದವು. ಬಾಣಂತಿಯರು ಸಪ್ಪೆ ಗಂಜಿ ನುಂಗಲಾರದೆ ಅತ್ತರು. ಆದರೂ ಒಬ್ಬರೂ ಕೋಟೆಯ ಕಡೆ ಹೆಜ್ಜೆ ಇಡಲಿಲ್ಲ.

ಭರಮವ್ವ ಒಲೆ ಆರಿಸಿದಳು. ಹಳ್ಳ ದಾಟಿ ಹೋದಳು. ಹೆಂಗಸರನ್ನೆಲ್ಲ ಕರೆದು, ಹೆತ್ತ ಮಗಳಿಗಷ್ಟೇ ಹೇಳಬೇಕಾದ ಗುಟ್ಟನ್ನು ಬಿಚ್ಚಿಟ್ಟಳು. ಕುದಿಯುವಾಗ ಮೊದಲು ಕಟ್ಟುವ ಹರಳೇ ಉಪ್ಪು, ಅದನ್ನು ಬಾಚಿಕೊಳ್ಳಿ; ತಳದಲ್ಲಿ ಉಳಿಯುವ ನೀರು ಕಹಿ, ಅದನ್ನು ಚೆಲ್ಲಿಬಿಡಿ ಅಂದಳಂತೆ. ಅಷ್ಟೇ ಗುಟ್ಟು!

ಅವಳ ಭಾವ ಹುಚ್ಚೀರಪ್ಪನಿಗೆ ಸುದ್ದಿ ಮುಟ್ಟಿತು. ಓಡಿ ಬಂದ. "ನಮ್ಮ ಅನ್ನಕ್ಕ ನಾವ ಮಣ್ಣ ಹಾಕಿಕೊಂಡಂಗಾತಲ್ಲ ಭರಮೀ! ನಾಳೆ ನಮ್ಮ ಉಪ್ಪ ಯಾರ ಕೊಳ್ತಾರ?"

"ಯಾರೂ ಕೊಳ್ಳೂದಿಲ್ಲ," ಅಂದಳು. "ನನಗೂ ಗೊತ್ತೈತಿ. ಆದರ ನನ್ನ ಉಪ್ಪ ತೋರಿಸಿ ಮಂದಿ ತಲಿ ಬಗ್ಗಸಾಕ ನಾ ಬಿಡೂದಿಲ್ಲ."

ಆಮೇಲೆ ಮನೆಮನೆಯಲ್ಲೂ ಗಡಿಗೆ ಸೋರತೊಡಗಿತು. ದೇಸಾಯಿಯ ಆಳುಗಳು ಬಂದು ಒಡೆದರು, ಕುಂಬಾರರು ಮತ್ತೆ ಮಾಡಿಕೊಟ್ಟರು. ಕೊನೆಗೆ ಆ ಆಳುಗಳ ಹೆಂಡಿರೇ ಹಿತ್ತಲಲ್ಲಿ ಗಡಿಗೆ ಇಟ್ಟರಂತೆ. ಕೋಟೆಯಲ್ಲಿ ರಾಶಿ ಬಿದ್ದ ಉಪ್ಪು ಮಳೆಗಾಲದಲ್ಲಿ ನೀರೊಡೆದು, ಗೋಡೆಯ ಬುಡ ತಿಂದು, ಬುರುಜು ಕುಸಿಯಿತು ಅಂತಾರೆ.

ಭಾವ ಹೇಳಿದಂತೆಯೇ ಆಯಿತು. ಭರಮವ್ವನ ಉಪ್ಪನ್ನು ಯಾರೂ ಕೊಳ್ಳಲಿಲ್ಲ. ಆಕೆ ಕೆರೆ ಏರಿಗೆ ಮಣ್ಣು ಹೊತ್ತು ಬಾಳಿದಳು. ಬುಟ್ಟಿ ಹೊತ್ತ ಆ ತಲೆ ಸಾಯುವತನಕ ನೆಟ್ಟಗೇ ಇತ್ತಂತೆ.

ಈಗ ಆ ಕಸುಬೂ ಇಲ್ಲ, ಸವಳು ಕೆರೆಯುವವರೂ ಇಲ್ಲ. ಆದರೆ ದೀಪ ಹಚ್ಚಿದ ಮೇಲೆ ಯಾವ ಊರಲ್ಲೂ ಉಪ್ಪು ಕೈಬದಲು ಕೊಡುವುದಿಲ್ಲ, ಲಕ್ಷ್ಮಿ ಹೋಗುತ್ತಾಳೆ ಅಂತ. ಆ ಹಳ್ಳದ ಎರಡೂ ದಂಡೆಯಲ್ಲಿ ಮಾತ್ರ ಎಷ್ಟು ಹೊತ್ತಿಗೆ ಯಾರು ಬಂದು ಕೇಳಿದರೂ ಬೊಗಸೆ ತುಂಬ ಕೊಡುತ್ತಾರೆ. "ಭರಮವ್ವನ ಋಣ, ತಗೊಳ್ರಿ" ಅನ್ನುತ್ತಾರೆ.